ಎಲ್ಲೂ ಇಲ್ಲದ ಭಾಷೆ ಕಲಿಯೋರಿಗೆ ‘ಕುಸುಮಬಾಲೆ’ ಯಾಕೆ ಕಷ್ಟ?



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

ದಾಂಡೇಲಿ, ಹಳಿಯಾಳ ಕಡೆ ಓದೋ ಹುಡುಗರು ಸಿಕ್ಕಾಗೆಲ್ಲ ಒಂದು ಮಾತು ಕೇಳ್ತಾನೇ ಇರ್ತೀನಿ. “ಕನ್ನಡದಾಗ ಫ್ಯಾಂಟಸಿ ಕಾದಂಬರಿನೇ ಇಲ್ರೀ ಅಣ್ಣಾ, ಎಲ್ಲಾ ಇಂಗ್ಲಿಷಿನಾಗ ಅದಾವ.” ‘ಕುಸುಮಬಾಲೆ’ ಓದೀಯೇನಪಾ ಅಂತ ಕೇಳಿದ್ರೆ, “ಹತ್ತು ಪುಟಕ್ಕ ಬಿಟ್ಟೆ ಅಣ್ಣಾ, ತಿಳೀಲಿಲ್ಲ” ಅಂತಾರೆ. ಅದೇ ಹುಡುಗನ ಕೈಯಾಗ ಸಾವಿರ ಪುಟದ ಇಂಗ್ಲಿಷ್ ಪುಸ್ತಕ ಇರುತ್ತೆ. ಅದರ ಮೊದಲ ಪುಟದಲ್ಲಿ ಇಲ್ಲದ ದೇಶದ ನಕಾಶೆ, ಕೊನೇ ಪುಟಗಳಲ್ಲಿ ಇಲ್ಲದ ರಾಜರ ವಂಶಾವಳಿ. ಅದು ಅವನಿಗೆ ತಿಳಿಯುತ್ತೆ. ನಂಜನಗೂಡಿನ ಕೇರಿಯ ಕನ್ನಡ ತಿಳಿಯಲ್ಲ.

ಇದು ಆ ಹುಡುಗನೊಬ್ಬನ ತಪ್ಪಲ್ಲ. ಯಾವ ಪುಸ್ತಕಕ್ಕೆ ಬೆವರು ಸುರಿಸಿ ಓದಬೇಕು, ಯಾವ ಪುಸ್ತಕವನ್ನ ಹತ್ತು ಪುಟಕ್ಕೆ ಕೈಬಿಟ್ಟರೂ ನಡೆಯುತ್ತೆ ಅನ್ನೋದನ್ನ ಯಾರೋ ಅವನಿಗೆ ಮೊದಲೇ ಕಲಿಸಿಬಿಟ್ಟಿದ್ದಾರೆ. ಆ ಪಾಠದ ಬಗ್ಗೆ ಮಾತಾಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ದೇವನೂರ ಮಹಾದೇವ 1973ರಲ್ಲಿ ‘ದ್ಯಾವನೂರು’ ಕಥೆಗಳನ್ನ ಕೊಟ್ಟರು. ಆಮೇಲೆ ಸಾಕವ್ವನ ಕೋಳಿ ಕಳೆದುಹೋಗೋ ‘ಒಡಲಾಳ’ ಬಂತು. 1980ರ ದಶಕದಲ್ಲಿ ‘ಕುಸುಮಬಾಲೆ’ ಬಂತು. ಸಣ್ಣ ಪುಸ್ತಕ, ಒಂದು ಕೈಯಲ್ಲಿ ಹಿಡಿದು ಓದಬಹುದು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾಟಕವಾಗಿ ರಂಗದ ಮೇಲೂ ಬಂತು. 2015ರಲ್ಲಿ ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದ ಬಂತು.

ಒಳಗೇನಿದೆ? ಮೇಲ್ಜಾತಿಯ ಜಮೀನ್ದಾರರ ಮನೆ ಹೆಣ್ಣುಮಗಳು ಕುಸುಮ, ಹೊಲಗೇರಿಯ ಹುಡುಗ ಚನ್ನ. ಇಬ್ಬರ ಪ್ರೀತಿ, ಒಂದು ಕೂಸು, ಚನ್ನನ ಕೊಲೆ. ಇದನ್ನ ಪೊಲೀಸ್ ವರದಿ ಥರ ಬರೆದಿಲ್ಲ. ರಾತ್ರಿ ಮನೆಮನೆಯ ದೀಪ ಆರಿದ ಮೇಲೆ ಆ ದೀಪಗಳ ಜೀವಗಳು, ಜೋತಮ್ಮಗಳು, ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳ್ಕೋತಾವೆ. ಮಂಚಕ್ಕೂ ಬಾಯಿ ಬರುತ್ತೆ. ಮನುಷ್ಯರು ಮುಚ್ಚಿಟ್ಟಿದ್ದನ್ನ ಮನೆಯ ಸಾಮಾನು ಬಿಚ್ಚಿಡುತ್ತೆ. ಸಾಕ್ಷಿ ಹೇಳೋರು ಯಾರೂ ಇಲ್ಲದ ಊರಲ್ಲಿ ದೀಪ ಸಾಕ್ಷಿ ಹೇಳುತ್ತೆ. ಇದು ಫ್ಯಾಂಟಸಿ ಅಲ್ಲದಿದ್ರೆ ಮತ್ತೇನು ಹೇಳ್ರಿ?

ಈ ಪುಸ್ತಕ ಓದಿದವರ ಪ್ರತಿಕ್ರಿಯೆಗಳನ್ನ ಇಷ್ಟು ವರ್ಷ ಕೇಳಿದ್ದೀನಿ. ಮುಖ್ಯವಾಗಿ ಮೂರು ಥರ.

ಮೊದಲನೇದು: “ಅರ್ಥ ಆಗಲ್ಲ.” ಇದನ್ನ ಹೇಳೋರಲ್ಲಿ ಎರಡು ಪಂಗಡ. ನಮ್ಮ ಹುಡುಗರು ಬೇಜಾರಿನಿಂದ ಹೇಳ್ತಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಹಳಿಯಾಳ, ಮುಂಡಗೋಡದವರಿಗೆ ನಂಜನಗೂಡಿನ ಮಾತು ನಿಜಕ್ಕೂ ದೂರ. ನಾವು ‘ಹೊಂಟೀವಿ’ ಅಂದ್ರೆ ಅವರಿಗೆ ನಗು, ಅವರ ‘ಮಾಡ್ಬುಡು’ ಕೇಳಿದ್ರೆ ನಮಗೆ ನಗು. ಎರಡನೇ ಪಂಗಡ ಕನ್ನಡದ ಪಂಡಿತರದ್ದು. ಪಂಪನ ಹಳಗನ್ನಡಕ್ಕೆ ಟೀಕೆ, ಟಿಪ್ಪಣಿ, ಪದಕೋಶ ಇಟ್ಟುಕೊಂಡು ಒಂದು ಪದ್ಯಕ್ಕೆ ಒಂದು ಗಂಟೆ ಕೂರ್ತಾರೆ. ಅದು ಪಾಂಡಿತ್ಯ. ಕೇರಿಯ ಮಾತಿಗೆ ಹತ್ತು ನಿಮಿಷ ಕೂರೋದು ಮಾತ್ರ ಅವರಿಗೆ ತೊಂದರೆ.

ಎರಡನೇದು: “ಇದು ಕಾದಂಬರಿನಾ, ಕಾವ್ಯನಾ?” ಪ್ರಶ್ನೆ ಒಳ್ಳೇದೇ. ಆದ್ರೆ ಕೇಳೋ ದನಿ ನೋಡ್ರಿ. ಅಳತೆಪಟ್ಟಿ ಹಿಡಿದ ದನಿ. ಬರೆದವರು ಬೇರೆ ಬೀದಿಯವರಾಗಿದ್ರೆ ಇದೇ ಗುಣವನ್ನ ‘ಪ್ರಕಾರಗಳ ಗಡಿ ಮೀರಿದ ಪ್ರಯೋಗ’ ಅಂತ ಹೊಗಳ್ತಿದ್ರು.

ಮೂರನೇದು ಹೊಗಳಿಕೆಯೇ: “ಮ್ಯಾಜಿಕ್ ರಿಯಲಿಸಂ, ಥೇಟ್ ಮಾರ್ಕೆಸ್!” ನನಗೆ ಹೆಚ್ಚು ಚುಚ್ಚೋದು ಇದು. ಆ ಕಡೆಯ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡ್ತಾರೆ. ದೇವರಗುಡ್ಡರು ಮಲೆ ಮಾದೇಶ್ವರನ ಕಾವ್ಯ ಹಾಡ್ತಾರೆ. ಆ ಮಂಟೇಸ್ವಾಮಿ ಕಲ್ಯಾಣಕ್ಕೆ ಬರೋದು ಹೇಗೆ? ಕೊಳೆತು ನಾರೋ ಮೈ ಹೊತ್ತುಕೊಂಡು ಬಾಗಿಲಿಗೆ ಬಂದು, ಸಮಾನತೆ ಮಾತಾಡೋ ಶರಣರನ್ನೇ ಪರೀಕ್ಷೆ ಮಾಡ್ತಾನೆ. ನಾರುವ ದೇವರನ್ನ ಒಳಗೆ ಕರೀತೀರೋ ಇಲ್ಲವೋ? ಇಂಥ ಕಲ್ಪನೆ ಅಕ್ಷರ ಬಾರದ ನಮ್ಮ ಜನರ ಬಾಯಲ್ಲಿ ತಲೆಮಾರುಗಳಿಂದ ಇದೆ. ಅದನ್ನ ಕೇಳಿ ಬೆಳೆದ ಸೀಮೆಯವರ ಪುಸ್ತಕ ನೋಡಿದ ತಕ್ಷಣ ಕೊಲಂಬಿಯಾದ ಹೆಸರು ನೆನಪಾಗುತ್ತೆ, ಪಕ್ಕದ ಕೇರಿಯ ಹಾಡುಗಾರ ನೆನಪಾಗಲ್ಲ.

ಈಗ ಇನ್ನೊಂದು ಮೊದಲ ಕಾದಂಬರಿಗೆ ಬರ್ತೀನಿ. ಅಮೀಶ್ ತ್ರಿಪಾಠಿ ಅವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’, 2010. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದಿದ್ದ ಪುಸ್ತಕ, ಆಮೇಲೆ ಲಕ್ಷಗಟ್ಟಲೆ ಮಾರಾಟ ಆಯ್ತು. ಕನ್ನಡಕ್ಕೂ ಬಂತು. ನಮ್ಮ ಹುಡುಗರು ಬಸ್ಸಿನಲ್ಲಿ, ಹಾಸ್ಟೆಲ್‌ನಲ್ಲಿ ಮುಗಿಬಿದ್ದು ಓದಿದ್ರು. “ಏನ್ ಓದಿಸ್ಕೊಂಡ್ ಹೊಕ್ಕೈತಿ ಅಣ್ಣಾ!” ನಿಜ, ಓದಿಸಿಕೊಂಡು ಹೋಗುತ್ತೆ. ಆದ್ರೆ ಒಂದು ಸಲ ನಿಧಾನಕ್ಕೆ ಓದಿ.

ಮೆಲೂಹ ಅನ್ನೋ ಆದರ್ಶ ರಾಜ್ಯದಲ್ಲಿ ‘ವಿಕರ್ಮ’ರು ಅಂತ ಇರ್ತಾರೆ. ಹಿಂದಿನ ಜನ್ಮದ ಪಾಪ ಈ ಜನ್ಮದಲ್ಲಿ ಅನುಭವಿಸೋರು ಅಂತ ನಂಬಿಕೆ. ಅವರನ್ನ ಮುಟ್ಟಂಗಿಲ್ಲ. ಸತಿ ವಿಕರ್ಮಳು, ಯಾಕಂದ್ರೆ ಅವಳ ಕೂಸು ಸತ್ತು ಹುಟ್ಟಿತ್ತು. ಶಿವ ಅವಳನ್ನ ಮುಟ್ಟಿದಾಗ, ಶುದ್ಧೀಕರಣ ಮಾಡಿಸ್ಕೋ ಅಂತ ಅವಳೇ ಹೇಳ್ತಾಳೆ. ಆ ಪುಟವನ್ನ ಹುಡುಗರು ಪ್ರೇಮದ ಸನ್ನಿವೇಶ ಅಂತ ಓದ್ತಾರೆ. ನಮ್ಮ ಅಜ್ಜ ಅಜ್ಜಿಯರು ಆ ಪುಟದೊಳಗೇ ಬದುಕಿ ಸತ್ತವರು.

“ಅಣ್ಣಾ, ಶಿವ ಆ ಕಾನೂನು ತೆಗೆದುಹಾಕ್ತಾನಲ್ಲ” ಅಂತ ಒಬ್ಬ ತಂಗಿ ವಾದ ಮಾಡಿದಳು. ಸರಿಯಾದ ಮಾತು. ತೆಗೆದುಹಾಕ್ತಾನೆ. ಅಷ್ಟೇ ಅಲ್ಲ, ಮೂರನೇ ಪುಸ್ತಕಕ್ಕೆ ಬರೋ ಹೊತ್ತಿಗೆ ಈ ನರಳಾಟಕ್ಕೆ ಪೂರ್ವಜನ್ಮ ಕಾರಣ ಅಲ್ಲ, ಮೇಲಿನವರು ಕುಡಿಯೋ ಸೋಮರಸವೇ ಕಾರಣ ಅಂತ ಗೊತ್ತಾಗುತ್ತೆ. ಮೇಲಿರೋರ ಅಮೃತ ಕೆಳಗಿರೋರಿಗೆ ವಿಷ. ಇದು ಒಳ್ಳೆಯ ಕಲ್ಪನೆ ಅಂತ ನಾನೂ ಒಪ್ತೀನಿ.

ನನ್ನ ತಕರಾರು ಬೇರೆ. ಮೊದಲ ಪುಸ್ತಕದಲ್ಲಿ ವಿಕರ್ಮರು ತಾವಾಗಿಯೇ ಒಂದು ಸಭೆ ಸೇರಲ್ಲ. ಒಂದು ಕೆರೆಗೆ ನಡೆದು ಹೋಗಲ್ಲ. ಹೊರಗಿನಿಂದ ನಾಯಕ ಬರ್ತಾನೆ, ಕುರುಡ ವಿಕರ್ಮನೊಬ್ಬನ ಕಾಲು ಮುಟ್ಟುತ್ತಾನೆ, ರಾಜಾಜ್ಞೆ ಹೊರಡುತ್ತೆ, ಬಿಡುಗಡೆಯಾದವರು ಕೃತಜ್ಞತೆಯಿಂದ ಸೈನ್ಯ ಸೇರ್ತಾರೆ. 1927ರ ಮಾರ್ಚ್ 20ಕ್ಕೆ ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರ ಜೊತೆ ಸಾವಿರಾರು ಜನ ನಡೆದುಹೋದ್ರಲ್ಲ, ಅವರಿಗೆ ಯಾವ ರಾಜಾಜ್ಞೆಯೂ ದಾರಿ ಮಾಡಿಕೊಡಲಿಲ್ಲ. ನೀರು ಮುಟ್ಟಿದ್ದಕ್ಕೆ ಏಟು ತಿಂದರು. ಆ ಇತಿಹಾಸ ಗೊತ್ತಿರೋ ಓದುಗ ಮೆಲೂಹ ಓದುವಾಗ ಒಂದು ಕಡೆ ಎಡವಬೇಕು. ನಮ್ಮ ಹುಡುಗರೂ ಎಡವದೆ ಓದಿಕೊಂಡು ಹೋದ್ರಲ್ಲ ಅನ್ನೋದು ನನ್ನ ಸಂಕಟ. ಸಲೀಸಾಗಿ ಓದಿಸಿಕೊಂಡು ಹೋಗೋ ಪುಸ್ತಕಕ್ಕೆ ನಾವು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಕಷ್ಟದ ಪುಸ್ತಕಕ್ಕೆ ಮಾತ್ರ ನೂರು ಪ್ರಶ್ನೆ ಕೇಳಿದ್ವಿ.

ಮೂರನೇ ಉದಾಹರಣೆ ದೂರದ್ದು. ಟೋಮಿ ಅಡೆಯೆಮಿ ಅನ್ನೋ ನೈಜೀರಿಯಾ ಮೂಲದ ಅಮೆರಿಕದ ಹೆಣ್ಣುಮಗಳು 2018ರಲ್ಲಿ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ ಬರೆದರು. ಅವರದ್ದೂ ಮೊದಲ ಕಾದಂಬರಿ. ಮಾಯಾಶಕ್ತಿ ಇದ್ದ ಕಪ್ಪು ಜನರನ್ನ ರಾಜ ಕೊಲ್ಲಿಸಿದ್ದಾನೆ, ಉಳಿದವರು ಕೀಳು ಬೈಗುಳ ಕೇಳ್ಕೊಂಡು ಬದುಕ್ತಾರೆ. ಅವರಲ್ಲೊಬ್ಬ ಹುಡುಗಿ ಜೆಲಿ ಕಳೆದುಹೋದ ಶಕ್ತಿಯನ್ನ ವಾಪಸ್ ತರೋಕೆ ಹೊರಡ್ತಾಳೆ. ಮಂತ್ರಗಳೆಲ್ಲ ಯೊರುಬಾ ಭಾಷೆಯವು. ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತ ಕಪ್ಪು ಮಕ್ಕಳ ಹೆಸರು ಬರೆದು, ಈ ಕಥೆ ಯಾಕೆ ಹುಟ್ಟಿತು ಅಂತ ಲೇಖಕಿ ಹೇಳ್ತಾರೆ. ಯೊರುಬಾ ಬರಲ್ಲ ಅಂತ ಓದುಗರು ಆ ಪುಸ್ತಕ ಕೆಳಗಿಡಲಿಲ್ಲ. ಅದು ಬೆಸ್ಟ್ ಸೆಲ್ಲರ್ ಆಯ್ತು.

ಈ ಕಥೆಯನ್ನ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಮಕ್ಕಳಿಗೆ ನಮ್ಮ ಮಾತಲ್ಲಿ ಹೇಳಿದ್ದೆ. ಸಿದ್ದಿ ಸಮುದಾಯದ ಹಿರಿಯರು ಆಫ್ರಿಕಾದ ಪೂರ್ವ ಕಡೆಯಿಂದ ಬಂದವರು, ಯೊರುಬಾ ಜನ ಪಶ್ಚಿಮದವರು. ಎರಡನ್ನೂ ಒಂದೇ ಅಂತ ನಾನು ಹೇಳಲ್ಲ. ಆದ್ರೆ ಶಕ್ತಿ ತಿರುಗಿ ಬಂದ ಹಾಗೆಲ್ಲ ಜೆಲಿಯ ಕೂದಲು ಗುಂಗುರಾಗ್ತಾ ಹೋಗುತ್ತೆ ಅನ್ನೋ ಭಾಗ ಬಂದಾಗ ಒಬ್ಬ ಹುಡುಗಿ ಕೇಳಿದ್ಲು: “ಅಂದ್ರ, ಕೂದಲಾ ಗುಂಗುರ ಆದಷ್ಟೂ ಶಕ್ತಿ ಜಾಸ್ತಿ ಏನ್ರೀ?” ಹೌದವ್ವಾ ಅಂದೆ. ಶಾಲೆಯಲ್ಲಿ ದಿನಾ ಕೂದಲಿಗೇ ಅಣಕಿಸಿಕೊಳ್ಳೋ ಮಗು ಅದು. ಇದಕ್ಕಿಂತ ಒಳ್ಳೆ ವಿಮರ್ಶೆಯನ್ನ ನಾನು ಎಲ್ಲೂ ಓದಿಲ್ಲ.

ಈಗ ನಮ್ಮ ನೆಲದ ಲೆಕ್ಕ ನೋಡ್ರಿ. ದಾಂಡೇಲಿಯ ಕಾರ್ಖಾನೆ ಓಣಿಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು, ತೆಲುಗು ಒಂದೇ ನಲ್ಲಿ ಹತ್ತಿರ ನಿಂತು ಜಗಳ ಆಡ್ತಾವೆ. ಜೋಯಿಡಾದ ಕುಣಬಿಗಳದ್ದು ಒಂದು ಕೊಂಕಣಿ, ಸಿದ್ದಿಗಳದ್ದು ಇನ್ನೊಂದು. ಗೌಳಿಗರ ಮನೆಮಾತು ಬೇರೆ. ಮುಂಡಗೋಡದಲ್ಲಿ ಟಿಬೆಟಿಯನ್ನರೂ ಇದ್ದಾರೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರೊಳಗೆ ಹೋಯ್ತು, ಜನ ರಾಮನಗರಕ್ಕೆ ಬಂದು ಬಿದ್ದರು. ಮುಳುಗಿದ ಊರು, ಎಬ್ಬಿಸಿದ ಜನ, ಬಾಯ್ತುಂಬ ಭಾಷೆ. ಎಪಿಕ್ ಫ್ಯಾಂಟಸಿ ಬರೆಯೋಕೆ ಇನ್ನೇನು ಬೇಕು?

ಉಳವಿಯೂ ಇದೇ ಜೋಯಿಡಾ ತಾಲೂಕಿನಲ್ಲಿದೆ. ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗ್ತೀವಿ, ಚನ್ನಬಸವಣ್ಣನ ಸಮಾಧಿಗೆ ಕೈಮುಗೀತೀವಿ. ಶರಣರು ಕಲ್ಯಾಣ ಬಿಟ್ಟು ಈ ಕಾಡಿಗೆ ಯಾಕೆ ಬಂದ್ರು ಅಂತ ಮಕ್ಕಳಿಗೆ ಹೇಳ್ತೀವಾ? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯ್ತು ಅಂತ ಇಬ್ಬರು ಅಪ್ಪಂದಿರಿಗೂ ಎಳೆಹೂಟೆ ಶಿಕ್ಷೆ ಕೊಟ್ಟರು ಅಂತಾರಲ್ಲ, ಅದರಿಂದ ಹೊತ್ತಿಕೊಂಡ ಬೆಂಕಿ ಅದು. ಕುಸುಮ, ಚನ್ನರ ಕಥೆ ನಮಗೆ ದೂರದ್ದು ಅಂತ ಯಾರು ಹೇಳಿದ್ದು? ಅದೇ ಕೊಲೆ ಎಂಟುನೂರು ವರ್ಷದಿಂದ ನಡೀತಾನೇ ಇದೆ. ಪೇಪರ್ ತೆಗೆದ್ರೆ ಇವತ್ತೂ ಸಿಗುತ್ತೆ.

ಆದ್ರೆ ಬರೆಯೋರು? ನಮ್ಮ ಕಡೆಯ ಒಬ್ಬ ಹುಡುಗ, ಡಿಗ್ರಿ ಓದ್ತಿರೋನು, ನೀರೊಳಗಿನ ಊರಲ್ಲಿ ಸತ್ತವರು ಇನ್ನೂ ಸಂತೆ ಮಾಡ್ತಾರೆ ಅನ್ನೋ ದೊಡ್ಡ ಕಥೆ ಬರೆದಿದ್ದ. ಅವರ ಮನೆ ಮಾತಿನಲ್ಲೇ ಬರೆದಿದ್ದ. ಸ್ಪರ್ಧೆಯೊಂದಕ್ಕೆ ಕಳಿಸಿದ. ತೀರ್ಪು ಕೊಟ್ಟವರೊಬ್ಬರು “ಮೊದಲು ಶುದ್ಧ ಕನ್ನಡ ಕಲಿ, ಆಮೇಲೆ ಕಲ್ಪನೆ ಮಾಡು” ಅಂದ್ರಂತೆ. ಹುಡುಗ ನೋಟ್‌ಬುಕ್ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದ. ಇಂಥ ಟ್ರಂಕು ಎಷ್ಟು ಮನೆಯಲ್ಲಿವೆಯೋ. ಶುದ್ಧ, ಅಶುದ್ಧ ಅನ್ನೋ ಮಾತು ನಮಗೆ ಹೊಸದಲ್ಲ. ಬಾವಿಯಿಂದ ಶುರುವಾಗಿದ್ದು ವ್ಯಾಕರಣಕ್ಕೆ ಬಂದು ನಿಂತಿದೆ.

ಅದೇ ಹೊತ್ತಿಗೆ ‘ಗೇಮ್ ಆಫ್ ಥ್ರೋನ್ಸ್’ಗೋಸ್ಕರ ಕಟ್ಟಿದ ಹೈ ವಲೇರಿಯನ್ ಅನ್ನೋ ಭಾಷೆಯನ್ನ ಡುಯೊಲಿಂಗೋ ಆಪ್‌ನಲ್ಲಿ ಕಲಿಸ್ತಾರೆ. ಎಲ್ಲೂ ಇಲ್ಲದ ಜನರ ಭಾಷೆ. ಕಲೀರಿ, ಬೇಡ ಅನ್ನಲ್ಲ. ಆ ತಾಳ್ಮೆಯಲ್ಲಿ ಕಾಲುಭಾಗ ಈ ರಾಜ್ಯದಲ್ಲೇ ಬದುಕಿರೋ ಜನರ ಕನ್ನಡಕ್ಕೂ ಕೊಡ್ರಿ ಅಂತ ಕೇಳ್ತಿದ್ದೀನಿ, ಅಷ್ಟೇ.

ಹೇಗೆ ಓದಬೇಕು ಅಂತ ಕೇಳಿದ್ರೆ ನನ್ನ ಅನುಭವ ಹೇಳ್ತೀನಿ. ಕಣ್ಣಲ್ಲಿ ಓದಬೇಡಿ, ಬಾಯಿ ಬಿಟ್ಟು ಓದಿ. ನಾಲ್ಕು ಜನ ಕೂತ್ಕೊಳ್ರಿ, ಒಬ್ಬರು ದೊಡ್ಡ ದನಿಯಲ್ಲಿ ಓದಲಿ. ನಿಮ್ಮ ಆಯಿ, ಅಜ್ಜಿ ಯಾರಾದರೂ ಜೊತೆಗಿರಲಿ. ನಾವು ಮುಂಡಗೋಡ ಕಡೆ ಹೀಗೆ ಓದಿದಾಗ ಮೊದಲ ದಿನ ಎಲ್ಲರಿಗೂ ತಲೆನೋವು. ನಾಲ್ಕನೇ ದಿನಕ್ಕೆ ಕಿವಿ ತೆರೆಯಿತು. ಜೋತಮ್ಮಗಳ ಭಾಗಕ್ಕೆ ಬಂದಾಗ ಎಂ.ಎ. ಓದಿದವರು ‘ಇದು ರೂಪಕ’ ಅಂತ ಶುರು ಮಾಡಿದ್ರು. ಶಾಲೆ ಕಟ್ಟೆ ಹತ್ತದ ಒಬ್ಬ ಆಯಿ ತಡೆದು, “ದೀಪಾ ಆರಸು ಅನಬಾರದು, ಶಾಂತ ಮಾಡು ಅನಬೇಕು ಅಂತ ಯಾಕ ಹೇಳ್ತಿದ್ರು ಮತ್ತ? ಅದಕ್ಕ ಜೀವ ಐತಿ ಅಂತನ” ಅಂದ್ರು. ಅವರಿಗೆ ಪದಕೋಶ ಬೇಕಾಗಲಿಲ್ಲ.

ಕೊನೆಗೆ ಮೂರು ಕೋರಿಕೆ.

ಒಂದು, ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಹೋಗಿ ‘ಕುಸುಮಬಾಲೆ’, ‘ಒಡಲಾಳ’ ಇದಾವಾ ಅಂತ ಕೇಳಿ. ಇಲ್ಲ ಅಂದ್ರೆ ತರಿಸಿ ಅಂತ ಅರ್ಜಿ ಬರೆದು ಕೊಡಿ. ಬಾಯಿಮಾತಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ.

ಎರಡು, ಮೇಷ್ಟ್ರುಗಳೇ, ಅಕ್ಕೋರೇ, ಮಗು ಮನೆ ಮಾತಲ್ಲಿ ಕಥೆ ಬರೆದು ತಂದ್ರೆ ಕೆಂಪು ಪೆನ್ನು ಜೇಬಿನಲ್ಲೇ ಇರಲಿ. ಪರೀಕ್ಷೆಯ ಕನ್ನಡ ಕಲಿಸಿ, ಅದೂ ನಮ್ಮ ಮಕ್ಕಳಿಗೆ ಬೇಕು. ಅದಕ್ಕೋಸ್ಕರ ಅವ್ವನ ಕನ್ನಡವನ್ನ ತಪ್ಪು ಅನ್ನಬೇಡಿ.

ಮೂರು, ಆ ನೋಟ್‌ಬುಕ್‌ನ ಹುಡುಗನಿಗೆ. ತಮ್ಮಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಟ್ರಂಕು ತೆಗಿ. ನೀರೊಳಗಿನ ಸಂತೆಯಲ್ಲಿ ಆಮೇಲೆ ಏನಾಯ್ತು ಅಂತ ನಮ್ಮನೆಯಾಗ ಎಲ್ಲರೂ ಕೇಳ್ತಿದ್ದಾರೆ.