ಹಳೇ ಮೊಬೈಲಿನ ಚಿನ್ನಕ್ಕೆ ಬಾವಿ ನೀರು ಬಲಿಯೇ?

‘ಹಳೇ ಮೊಬೈಲಿಂದ ಮನೆಯಲ್ಲೇ ಚಿನ್ನ ತೆಗೆಯಿರಿ’ ಎನ್ನುವ ವಿಡಿಯೊ ನಿಮಗೂ ಬಂದಿರಬೇಕು. ನಂಬಬೇಡಿ. ಲೆಕ್ಕ ಹಾಕಿ: ಒಂದು ಫೋನಿನಲ್ಲಿರುವ ಚಿನ್ನ ಸುಮಾರು 0.03 ಗ್ರಾಂ. ಚೂರೂ ಪೋಲಾಗದಿದ್ದರೂ ಒಂದು ಗ್ರಾಂಗೆ ಮೂವತ್ತು ಫೋನಾದರೂ ಬೇಕು. ಇಷ್ಟಕ್ಕಾಗಿ ಹಿತ್ತಿಲಲ್ಲಿ ನೈಟ್ರಿಕ್ ಆಸಿಡ್ ಕಾಯಿಸಿದರೆ ಏಳುವ ಕಂದು ಹೊಗೆ ಶ್ವಾಸಕೋಶ ಸುಡುತ್ತದೆ. ಉಸಿರುಗಟ್ಟುವುದು ಎಷ್ಟೋ ಗಂಟೆ ಕಳೆದ ಮೇಲೆ. ಉಳಿದ ಆಸಿಡ್ ಹೋಗುವುದು ಚರಂಡಿಗೆ, ಅದರಲ್ಲಿನ ಸೀಸ, ತಾಮ್ರ ನಮ್ಮದೇ ಬಾವಿಗೆ.

ಹಾಗಂತ ತಪ್ಪೆಲ್ಲ ಬಡವನದಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೇ ಫೋನುಗಳ ಮರುಬಳಕೆ ತಯಾರಕ ಕಂಪನಿಗಳ ಹೊಣೆ. ಹೊಸ ಫೋನ್ ಮಾರಲು ಹಳ್ಳಿಗೆ ದಾರಿ ಕಂಡವರಿಗೆ ಹಳೆಯದನ್ನು ಒಯ್ಯಲು ದಾರಿ ಕಾಣದೇ? ಹೋಬಳಿಗೊಂದು ಸಂಗ್ರಹ ಕೇಂದ್ರ ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ. ಆಸಿಡ್ ಬಾಟಲಿ ಮಾತ್ರ ಮುಟ್ಟಬೇಡಿ.