ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ?

ಮಗಳು ಅಮೆರಿಕಕ್ಕೆ ಹೋಗಿ ವರ್ಷವಾಯಿತು ಎಂದರೆ ನಾವು ಮೊದಲು ಕೇಳುವುದು, ನಯಾಗರಾ ನೋಡಿದಳೇ, ಹಿಮ ಬಿತ್ತೇ ಎಂದು. ಬರುವ ಫೋಟೋಗಳೂ ಅವನ್ನೇ ತೋರಿಸುತ್ತವೆ. ಆ ವರ್ಷವೆಲ್ಲ ಅವಳ ಕೈಯಲ್ಲಿ ಸ್ವಂತದ್ದೆಂದು ಒಂದು ಡಾಲರಾದರೂ ಇತ್ತೇ ಎಂದು ಏಕೆ ಕೇಳುವುದಿಲ್ಲ?

ಗಂಡ ಎಚ್-1ಬಿ ವೀಸಾದಲ್ಲಿ ದುಡಿಯುತ್ತಿದ್ದರೆ ಹೆಂಡತಿಗೆ ಸಿಗುವುದು ಎಚ್-4. ಅದು ಅವನ ವೀಸಾಕ್ಕೆ ಗಂಟು ಹಾಕಿದ್ದು. 2015ರವರೆಗೆ ಆ ವೀಸಾದವಳಿಗೆ ಅಲ್ಲಿ ದುಡಿಯುವ ಹಕ್ಕೇ ಇರಲಿಲ್ಲ. ಆಮೇಲೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟಿದರಷ್ಟೇ ಪರವಾನಗಿ ಕೇಳಬಹುದು. ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಅಲ್ಲಿ ಬಸ್ಸಿನ ಚಿಲ್ಲರೆಗೂ ಕೈಚಾಚಬೇಕು. ಅವನು ಒಳ್ಳೆಯವನಾದರೆ ಸರಿ. ಹೊಡೆಯುವವನಾದರೆ? ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ, ತವರು ಸಾವಿರಾರು ಮೈಲಿ ದೂರದಲ್ಲಿ. (ನಮ್ಮ ಸೊಸೆ ಮಾತೇ ಆಡುವುದಿಲ್ಲ ಎಂದು ಬೀಗರು ಹೊಗಳುತ್ತಿರುತ್ತಾರೆ!)

ಅಲ್ಲಿ 911ಕ್ಕೆ ಫೋನ್ ಮಾಡಲು ಗಂಡನ ಅಪ್ಪಣೆ ಬೇಕಿಲ್ಲ ಎಂಬುದನ್ನು ಹೊರಡುವ ಮೊದಲೇ ಅವಳಿಗೆ ಹೇಳಿಕೊಡಬೇಕು. ಹಿಂಸೆ ತಾಳದೆ ಗಂಡನ ಮನೆ ಬಿಟ್ಟವಳು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಇನ್ನು ನಮ್ಮ ಸಂಘದ ಮಾತು. ವಿದೇಶದ ವರ ಸಿಕ್ಕಿದ್ದಾನೆ, ವರದಕ್ಷಿಣೆಗೆ ಸಾಲ ಕೊಡಿ ಎಂದು ಬರುವ ಅಕ್ಕನಿಗೆ ಸಾಲ ಇಲ್ಲವೆನ್ನೋಣ. ಇರುವ ದುಡ್ಡನ್ನು ಮಗಳ ಹೆಸರಿನ ಖಾತೆಗೇ ಹಾಕಲಿ, ಮರಳಿ ಬರುವ ವಿಮಾನದ ಖರ್ಚಿಗಾದರೂ ಆದೀತು. ಮದುವೆ ನೋಂದಣಿಯಾಗಲಿ. ಪಾಸ್‌ಪೋರ್ಟ್, ವೀಸಾಗಳ ಜೆರಾಕ್ಸ್ ತಾಯಿಯ ಪೆಟ್ಟಿಗೆಯಲ್ಲೂ ಒಂದಿರಲಿ.