ಹಿಂದಿನ ಸಾಲಿಗೆ ಕಾಣದ ಪಿಪಿಟಿ ಯಾರಿಗೆ ಬೇಕ್ರೀ?

ಹೋದ ಬೇಸಿಗೆಯ ಮಾತು. ಕುಷ್ಟಗಿ ತಾಲ್ಲೂಕಿನ ಒಂದು ಊರಿನ ಸಮುದಾಯ ಭವನದಲ್ಲಿ ಕುಡಿಯುವ ನೀರಿನ ಸಭೆ ಇತ್ತು. ಗೋಡೆಗೆ ಪ್ರೊಜೆಕ್ಟರ್ ಬಿಟ್ಟಿದ್ದರು. ಕಿಟಕಿಗೆ ಪರದೆ ಇಲ್ಲ, ಹನ್ನೊಂದು ಗಂಟೆಯ ಬಿಸಿಲು ಒಳಗೇ ಬಿದ್ದಿತ್ತು. ಗೋಡೆ ಮೇಲೆ ಒಂದು ಕೋಷ್ಟಕ. ಹದಿನಾಲ್ಕು ಸಾಲು, ಒಂಬತ್ತು ಕಾಲಂ, ಎಲ್ಲ ಇಂಗ್ಲಿಷ್.

ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯನ್ನು ಕೇಳಿದೆವು, ‘ಏನ್ ಕಾಣ್ತೈತಿ ಯವ್ವಾ?’

‘ಗ್ವಾಡಿ ಮ್ಯಾಲ ಬೆಳಕು ಬಿದ್ದೈತಿ ನೋಡಪಾ, ಅಷ್ಟ.’

ನಾವು ಆ ಸ್ಲೈಡಿನ ಫೋಟೊ ಹೊಡೆದುಕೊಂಡಿದ್ದೆವು. ಸಭೆ ಮುಗಿದ ಮೇಲೆ ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ಹನ್ನೊಂದನೇ ಸಾಲಿನಲ್ಲಿ ಅದೇ ಊರಿನ ಒಂದು ಬೋರ್‌ವೆಲ್ ಇತ್ತು. ಅದರ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿತ್ತು. ಆ ನೀರು ಕುಡಿಯುವವರು ಸಭೆಯಲ್ಲೇ ಕುಳಿತಿದ್ದರು. ಆದರೆ ಆ ಸ್ಲೈಡ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಂದೆ ಹೋಗಿಬಿಟ್ಟಿತ್ತು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿಗೆ ಕಲೆ, ಆಮೇಲೆ ಮೂಳೆ, ಕೀಲುಗಳ ನೋವು. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಸ್ಲೈಡ್ ಚೆಂದ ಮಾಡುವುದು ಪಟ್ಟಣದ ಆಫೀಸಿನವರ ಶೋಕಿ ಎಂದು ನಾವು ತಿಳಿದಿದ್ದೆವು. ಅವತ್ತಿನಿಂದ ಆ ಅಭಿಪ್ರಾಯ ಬದಲಾಗಿದೆ. ಓದಲಾಗದ ಸ್ಲೈಡ್ ತೋರಿಸಿದರೆ ಮಾಹಿತಿ ಕೊಟ್ಟ ಹಾಗೆ ದಾಖಲೆ ಆಗುತ್ತದೆ, ಆದರೆ ಊರಿಗೆ ಮಾಹಿತಿ ಸಿಕ್ಕಿರುವುದಿಲ್ಲ.

ದೊಡ್ಡ ದೊಡ್ಡವರಲ್ಲೂ ಇದು ಆಗಿದೆ. 2003ರ ಫೆಬ್ರುವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಒಡೆದು ಏಳು ಜನ ಸತ್ತರು. ನೌಕೆ ಮೇಲೇರುವಾಗಲೇ ಒಂದು ಫೋಮ್ ತುಂಡು ಕಿತ್ತು ಬಂದು ರೆಕ್ಕೆಗೆ ಬಡಿದಿತ್ತು. ಅದರಿಂದ ಏನಾಗಬಹುದೆಂದು ಎಂಜಿನಿಯರುಗಳು ನಾಸಾಕ್ಕೆ ಸ್ಲೈಡ್ ಹಾಕಿ ವಿವರಿಸಿದ್ದರು. ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಿಂದ, ಈಗ ಬಡಿದದ್ದು ಅಂದಾಜು 1,920 ಘನ ಅಂಗುಲದ್ದು. ಅಂದರೆ 640 ಪಟ್ಟು ದೊಡ್ಡದು. ಆ ಮಾತು ಇದ್ದದ್ದು ಸ್ಲೈಡಿನ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ. ಈ ಸ್ಲೈಡ್ ಓದಿದ ಹಿರಿಯ ಅಧಿಕಾರಿಗೂ ಇದು ಜೀವದ ಪ್ರಶ್ನೆ ಎಂದು ಹೊಳೆಯದೆ ಇರಬಹುದು ಎಂದು ತನಿಖಾ ಮಂಡಳಿ ತನ್ನ ವರದಿಯಲ್ಲಿ ಬರೆಯಿತು. ಅಪಘಾತಕ್ಕೆ ಸ್ಲೈಡ್ ಒಂದೇ ಕಾರಣ ಅಂತಲ್ಲ. ಆದರೂ ಕಲಿತ ಎಂಜಿನಿಯರುಗಳ ನಡುವೆಯೇ ಹೀಗಾದರೆ ನಮ್ಮ ಅಜ್ಜಿಯ ಪಾಡೇನು?

ಹಾಗಾದರೆ ಹೇಗೆ ಮಾಡಬೇಕು? ಕಲಿಯಲು ದೂರ ಹೋಗಬೇಕಿಲ್ಲ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆ ಆಟವೂ ಬೆಳಕು ಬಿದ್ದ ಪರದೆಯ ಮೇಲೇ ನಡೆಯುವುದು. ರಾಜ, ದೇವರ ಗೊಂಬೆ ದೊಡ್ಡದು, ಸೇವಕರ ಗೊಂಬೆ ಸಣ್ಣದು. ಯಾರು ಮುಖ್ಯ ಎನ್ನುವುದು ಅಳತೆಯಲ್ಲೇ ಗೊತ್ತಾಗುತ್ತದೆ. ಇಡೀ ರಾಮಾಯಣವನ್ನು ಪರದೆ ಮೇಲೆ ಬರೆದು ಹಾಕುವುದಿಲ್ಲ. ಗೊಂಬೆ ಕಣ್ಣಿಗೆ, ಕಥೆ ಕಿವಿಗೆ.

ಸಭೆಗೆ ಪಿಪಿಟಿ ಮಾಡುವ ಪಿಡಿಒ, ಶಿಕ್ಷಕರು, ಸಂಘದ ಹುಡುಗರು ಇಷ್ಟು ನೋಡಿಕೊಳ್ಳಲಿ.

ಒಂದು ಸ್ಲೈಡಿಗೆ ಒಂದೇ ಮಾತು. ಉಳಿದದ್ದನ್ನು ಬಾಯಲ್ಲಿ ಹೇಳಿ. ‘ನೀರಿನ ಗುಣಮಟ್ಟ’ ಎಂಬ ತಲೆಬರಹದಿಂದ ಏನೂ ತಿಳಿಯುವುದಿಲ್ಲ. ‘ಶಾಲೆ ಹಿಂದಿನ ಬೋರಿನ ನೀರು ಕುಡಿಯಬೇಡಿ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಮುಖ್ಯವಾದ ಅಂಕಿ ಎಲ್ಲಕ್ಕಿಂತ ದೊಡ್ಡದಾಗಿರಲಿ. ಜಿಲ್ಲೆಯಲ್ಲಿ ಈಗ ಏಳು ತಾಲ್ಲೂಕು. ಯಲಬುರ್ಗಾದ ಸಭೆಯಲ್ಲಿ ಏಳರ ಕೋಷ್ಟಕ ಯಾಕೆ? ಯಲಬುರ್ಗಾದ ಸಾಲು ಒಂದೇ ಸಾಕು. ಗಂಗಾವತಿಯ ಭತ್ತದ ರೈತನಿಗೆ ಬೇಕಾದದ್ದು ಕಾಲುವೆಗೆ ನೀರು ಬಿಡುವ ದಿನ. ಆ ತಾರೀಖು ಗೋಡೆ ತುಂಬ ಕಾಣಲಿ.

ಬಿಸಿಲಿರುವ ಕೋಣೆಯಲ್ಲಿ ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರ ಹಾಕಿ. ಹಳದಿ ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲುಗಳು ಹತ್ತಿರವಾದರೆ ಕೆಳಗಿನ ಸಾಲಿಗೆ ತಾಗುತ್ತದೆ. ಅದಕ್ಕೇ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಯೂನಿಕೋಡ್ ಅಕ್ಷರವನ್ನೇ ಬಳಸಿ. ಒಮ್ಮೆ ನಾವೇ ಹಳೆಯ ಫಾಂಟಿನಲ್ಲಿ ಸ್ಲೈಡ್ ಮಾಡಿಕೊಂಡು ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ಎಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಮುಖ ಒಣಗಿಸಿಕೊಂಡು ಬಂದಿದ್ದೇವೆ.

ಸಭೆಗೆ ಮೊದಲು ಹಿಂದಿನ ಸಾಲಿನಲ್ಲಿ ಹೋಗಿ ನಿಂತು ಓದಿ ನೋಡಿ. ನಿಮಗೇ ಓದಲಾಗದಿದ್ದರೆ ಬೇರೆ ಯಾರಿಗೂ ಆಗುವುದಿಲ್ಲ.

‘ಸ್ಲೈಡ್ ಮೇಲಿನಿಂದ ಬರ್ತಾವ್ರೀ, ನಾವೇನ್ ಮಾಡೋಣು?’ ಎಂದು ಸಿಬ್ಬಂದಿ ಕೇಳುತ್ತಾರೆ. ನಿಜ, ಅವರ ಕೆಲಸದ ಹೊರೆ ನಮಗೂ ಗೊತ್ತು. ಮೇಲಿನಿಂದ ಬಂದದ್ದು ಹಾಗೇ ಇರಲಿ. ಮೊದಲಿಗೆ ಆ ಊರಿನದೇ ಒಂದು ಸ್ಲೈಡ್ ಸೇರಿಸಿ. ಹತ್ತು ನಿಮಿಷದ ಕೆಲಸ.

ಓದುಗರಿಗೂ ಒಂದು ಮಾತು. ಗ್ರಾಮಸಭೆಯಲ್ಲಿ ತಿಳಿಯದಿದ್ದರೆ ಎದ್ದು ನಿಂತು ಕೇಳಿ. ಕಾರ್ಖಾನೆಯ ಪರಿಸರ ಅನುಮತಿಗೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗೂ ಇದೇ ಮಾತು. 2006ರ ಕೇಂದ್ರ ಅಧಿಸೂಚನೆಯಂತೆ ಅಲ್ಲಿ ಕಂಪನಿಯವರು ಮೊದಲು ಯೋಜನೆಯನ್ನು ವಿವರಿಸಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ‘ಹಿಂದಿನ ಸ್ಲೈಡಿಗೆ ಹೋಗ್ರಿ, ನಮ್ಮೂರಿನ ಸಾಲು ದೊಡ್ಡದು ಮಾಡಿ ತೋರಸ್ರಿ’ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಅವತ್ತು ಸಂಜೆ ಆ ಅಜ್ಜಿಯ ಮನೆಗೆ ಹೋಗಿ ಮೊಬೈಲಿನ ಫೋಟೊ ತೋರಿಸಿ, ಆ ಸಾಲನ್ನು ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಕೊಡದ ಕಡೆಗೇ ನೋಡಿದರು. ಆಮೇಲೆ ಕೇಳಿದರು: ‘ಇದನ್ನ ಅಲ್ಲೇ ಹೇಳಾಕ ಏನಾಗಿತ್ತು ತಮ್ಮಾ?’